ನೀರಿನಿಂದ ಗ್ಯಾಸು: ಯಾರ ಯಂತ್ರ ಮೇಲು? ಅಳೆದು ನೋಡೋಣ ಬನ್ನಿ

ರಾಯದುರ್ಗ/ಮಡಕಶಿರ: ಒಂದು ಹಳೇ ಬ್ಯಾಟರಿ, ನಾಲ್ಕು ಸ್ಟೀಲ್ ಪ್ಲೇಟು, ಒಂದು ಪ್ಲಾಸ್ಟಿಕ್ ಡಬ್ಬಿ, ನೀರು, ಅದಕ್ಕೊಂದಿಷ್ಟು ಸೋಡಾ. ಇಷ್ಟಿದ್ದರೆ ನೀರನ್ನು ಒಡೆದು ಉರಿಯುವ ಗ್ಯಾಸು ತೆಗೆಯಬಹುದು. ಇದರಲ್ಲಿ ಗುಟ್ಟೇನೂ ಇಲ್ಲ, ಮಾಯಮಂತ್ರವೂ ಇಲ್ಲ. 1800ರಲ್ಲೇ ಇಂಗ್ಲೆಂಡಿನ ನಿಕಲ್ಸನ್ ಮತ್ತು ಕಾರ್ಲೈಲ್ ಎಂಬಿಬ್ಬರು ಮಾಡಿ ತೋರಿಸಿದ ಕೆಲಸ ಇದು. ಕನ್ನಡ ಮಾಧ್ಯಮದ ಮಕ್ಕಳು ಈ ಗ್ಯಾಸನ್ನು ಜಲಜನಕ ಎಂದು ಓದುತ್ತಾರೆ, ಪಕ್ಕದ ಕೋಣೆಯ ತೆಲುಗು ಮಾಧ್ಯಮದ ಮಕ್ಕಳು ಉದಜನಿ ಎನ್ನುತ್ತಾರೆ. ಎರಡರ ಅರ್ಥವೂ ಒಂದೇ, ನೀರನ್ನು ಹುಟ್ಟಿಸುವಂಥದ್ದು ಎಂದು. ಬಾಯಿಮಾತಿನಲ್ಲಿ ಎಲ್ಲರಿಗೂ ಅದು ಹೈಡ್ರೋಜನ್.

ಗೊಂದಲ ಶುರುವಾಗುವುದು ಆಮೇಲೆ. ಯೂಟ್ಯೂಬಿನಲ್ಲಿ ಒಬ್ಬ ತನ್ನ ಯಂತ್ರ ನಿಮಿಷಕ್ಕೆ ಒಂದು ಲೀಟರ್ ಗ್ಯಾಸು ಕೊಡುತ್ತದೆ ಎನ್ನುತ್ತಾನೆ. ಇನ್ನೊಬ್ಬ ತನ್ನದು ಎರಡು ಲೀಟರ್ ಎನ್ನುತ್ತಾನೆ. ಮತ್ತೊಬ್ಬ ಇದನ್ನೇ ಬೈಕಿಗೆ ಕಟ್ಟಿ ಮೈಲೇಜು ಒಂದೂವರೆ ಪಟ್ಟು ಆಯಿತು ಎಂದು ಹೇಳಿ ಕಿಟ್ ಮಾರುತ್ತಾನೆ. ಕೊಳ್ಳುವವನು ಸಾವಿರಾರು ರೂಪಾಯಿ ಎಣಿಸಿಕೊಡುತ್ತಾನೆ. ಈ ಮಾತುಗಳಲ್ಲಿ ನಿಜವೆಷ್ಟು, ನೀರೆಷ್ಟು? ಕಂಡುಹಿಡಿಯಲು ಪ್ರಯೋಗಾಲಯ ಬೇಕಿಲ್ಲ. ಒಂದು ಬಕೆಟ್ಟು, ಕಾಲು ಲೀಟರ್ ಬಾಟಲಿ, ಎಲೆಕ್ಟ್ರಿಕ್ ಅಂಗಡಿಯ ಮಲ್ಟಿಮೀಟರು, ಮೊಬೈಲಿನ ಗಡಿಯಾರ ಇದ್ದರೆ ಸಾಕು. ಉಳಿದದ್ದು ಹೈಸ್ಕೂಲಿನ ಗುಣಾಕಾರ, ಭಾಗಾಕಾರ.

ಲೀಟರ್ ಲೆಕ್ಕ ಏಕೆ ಸಾಲದು?

ಡೈರಿಗೆ ಹಾಲು ಹಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕ್ಯಾನು ತುಂಬಿದೆ ಎಂದ ಮಾತ್ರಕ್ಕೆ ದುಡ್ಡು ಬರುವುದಿಲ್ಲ. ಫ್ಯಾಟ್ ಎಷ್ಟು ಎಂದು ನೋಡಿಯೇ ದರ ಕಟ್ಟುತ್ತಾರೆ. ಗ್ಯಾಸಿನ ಕಥೆಯೂ ಅಷ್ಟೇ. ಬಾಟಲಿಯಲ್ಲಿ ತುಂಬಿದ್ದೆಲ್ಲ ಗ್ಯಾಸಲ್ಲ, ಅದರಲ್ಲಿ ನೀರಿನ ಆವಿಯೂ ಸೇರಿರುತ್ತದೆ. ಬಿಸಿಯಾದರೆ ಗ್ಯಾಸು ಉಬ್ಬುತ್ತದೆ, ಗಾಳಿಯ ಒತ್ತಡ ಕಡಿಮೆಯಿದ್ದರೂ ಉಬ್ಬುತ್ತದೆ.

ರೇಷ್ಮೆ ಬೆಳೆಗಾರರಿಗೆ ಇನ್ನೂ ಹತ್ತಿರದ ಉದಾಹರಣೆ ಇದೆ. ಹಿಂದೂಪುರದ ಗೂಡಿನ ಮಾರುಕಟ್ಟೆಗೆ ಹೋಗಿ ಬರುವವರೆಲ್ಲ ‘ರೆಂಡಿಟ್ಟ’ ಎಂಬ ಮಾತು ಕೇಳಿದ್ದಾರೆ. ಒಂದು ಕಿಲೋ ರೇಷ್ಮೆ ನೂಲು ತೆಗೆಯಲು ಎಷ್ಟು ಕಿಲೋ ಗೂಡು ಬೇಕು ಎಂಬ ಲೆಕ್ಕ ಅದು. ಸಂಖ್ಯೆ ಚಿಕ್ಕದಾದಷ್ಟೂ ಗೂಡು ಒಳ್ಳೆಯದು. ಹೈಡ್ರೋಜನ್ನಿಗೂ ಒಂದು ರೆಂಡಿಟ್ಟ ಇದೆ. ಒಂದು ಕಿಲೋ ಹೈಡ್ರೋಜನ್ ತೆಗೆಯಲು ಎಷ್ಟು ಯುನಿಟ್ ಕರೆಂಟು ಬೇಕು ಎಂಬುದೇ ಅದು. ಒಂದು ಕಿಲೋ ಹೈಡ್ರೋಜನ್ ಉರಿದರೆ ಒಟ್ಟು ಬರುವ ಶಾಖ 39.4 ಯುನಿಟ್. ಹಾಗಾಗಿ ಒಂದಿಷ್ಟೂ ಪೋಲು ಮಾಡದ ಆದರ್ಶ ಯಂತ್ರಕ್ಕೆ 39.4 ಯುನಿಟ್ ಸಾಕು. ದೊಡ್ಡ ಕಾರ್ಖಾನೆಗಳ ಯಂತ್ರಗಳಿಗೆ ಸುಮಾರು 50ರಿಂದ 55 ಯುನಿಟ್ ಬೇಕಾಗುತ್ತದೆ. ಮನೆಯಲ್ಲಿ ಮಾಡಿದ್ದಕ್ಕೆ ಎಷ್ಟು? ಅದನ್ನೇ ಈಗ ನೋಡಬೇಕಾಗಿರುವುದು.

ಫ್ಯಾರಡೆ ಹಾಕಿದ ಬೇಲಿ

ಇಂಗ್ಲೆಂಡಿನ ಮೈಕೆಲ್ ಫ್ಯಾರಡೆ 1834ರ ಹೊತ್ತಿಗೆ ಒಂದು ನಿಯಮ ಹೇಳಿದ. ನೀರಿನಿಂದ ಎಷ್ಟು ಗ್ಯಾಸು ಬರುತ್ತದೆ ಎಂಬುದು ಎಷ್ಟು ಕರೆಂಟು ಎಷ್ಟು ಹೊತ್ತು ಹರಿಯಿತು ಎಂಬುದರ ಮೇಲೆ ನಿಂತಿದೆ. ಪ್ಲೇಟಿನ ಆಕಾರ, ಸೋಡಾದ ಜಾತಿ, ಮಾಡಿದವನ ಜಾಣತನ ಯಾವುದೂ ಈ ಮಿತಿಯನ್ನು ಮೇಲೆತ್ತಲಾರದು. ಲೆಕ್ಕ ಹೀಗಿದೆ: ಎರಡು ಪ್ಲೇಟುಗಳ ನಡುವಿನ ಒಂದು ಕೋಣೆಯಲ್ಲಿ ಒಂದು ಆಂಪಿಯರ್ ಒಂದು ನಿಮಿಷ ಹರಿದರೆ 10.45 ಮಿಲಿಲೀಟರ್ ಗ್ಯಾಸು ಬರುತ್ತದೆ. ಇದು ಹೈಡ್ರೋಜನ್, ಆಮ್ಲಜನಕ ಎರಡೂ ಸೇರಿ, ಸೊನ್ನೆ ಡಿಗ್ರಿಯಲ್ಲಿ, ಸಮುದ್ರಮಟ್ಟದ ಒತ್ತಡದಲ್ಲಿ, ಆವಿಯಿಲ್ಲದ ಒಣ ಗ್ಯಾಸಿನ ಲೆಕ್ಕ. ಅದರಲ್ಲಿ ಮೂರರಲ್ಲಿ ಎರಡು ಪಾಲು ಹೈಡ್ರೋಜನ್, ಒಂದು ಪಾಲು ಆಮ್ಲಜನಕ.

ಆರು ಕೋಣೆಗಳನ್ನು ಸಾಲಾಗಿ ಜೋಡಿಸಿದರೆ ಅದೇ ಒಂದು ಆಂಪಿಯರ್ ಆರೂ ಕೋಣೆಗಳಲ್ಲಿ ಕೆಲಸ ಮಾಡುತ್ತದೆ. ಗ್ಯಾಸೂ ಆರು ಪಟ್ಟು. ಇದನ್ನು ಕಂಡು ಕೆಲವರು ಫ್ಯಾರಡೆಯ ನಿಯಮವೇ ಮುರಿಯಿತು ಎಂದು ಕುಣಿದಾಡುತ್ತಾರೆ. ಮುರಿದಿಲ್ಲ. ಕೋಣೆ ಎಣಿಸಲು ಮರೆತಿದ್ದಾರೆ ಅಷ್ಟೇ.

ಇನ್ನೊಂದು ಸಂಖ್ಯೆ ನೆನಪಿರಲಿ: 1.48 ವೋಲ್ಟ್. ಒಂದು ಕೋಣೆಯಲ್ಲಿ ನೀರು ಒಡೆಯಲು ಬೇಕಾಗುವ ಒಟ್ಟು ಶಕ್ತಿಯನ್ನು ವೋಲ್ಟಿನಲ್ಲಿ ಹೇಳಿದರೆ ಇಷ್ಟಾಗುತ್ತದೆ. ಇದಕ್ಕಿಂತ ಹೆಚ್ಚು ಕೊಟ್ಟದ್ದೆಲ್ಲ ನೀರು ಕಾಯಿಸುವುದಕ್ಕೆ ಹೋಗುತ್ತದೆ. ಪುಸ್ತಕಗಳಲ್ಲಿ 1.23 ವೋಲ್ಟ್ ಎಂದೂ ಇರುತ್ತದೆ. ಅದು ಕರೆಂಟಿನಿಂದಲೇ ಬರಬೇಕಾದ ಕನಿಷ್ಠ ಪಾಲು, ಬಾಕಿಯನ್ನು ಸುತ್ತಲಿನ ಶಾಖ ತುಂಬಬಹುದು ಎಂಬ ಲೆಕ್ಕ. ಮನೆಯಲ್ಲಿ ಮಾಡಿದ ಯಂತ್ರದಲ್ಲಿ ಕೈಗೆ ಸಿಗುವಷ್ಟು ಗ್ಯಾಸು ಬರಬೇಕಾದರೆ ಕೋಣೆಗೆ ಎರಡು ವೋಲ್ಟಿನ ಆಸುಪಾಸು ಕೊಡಲೇಬೇಕು. ಆದ್ದರಿಂದ 1.48 ಹಿಡಿಯುವುದೇ ಸರಿ. ಒಬ್ಬ ಒಂದನ್ನು ಹಿಡಿದು, ಇನ್ನೊಬ್ಬ ಇನ್ನೊಂದನ್ನು ಹಿಡಿದು ಜಗಳವಾಡಿದರೆ ಮುಗಿಯುವ ಮಾತಲ್ಲ.

ಇಬ್ಬರು ಹುಡುಗರು, ಎರಡು ಯಂತ್ರ

ರಾಯದುರ್ಗದ ಒಬ್ಬ ಹುಡುಗ, ಮಡಕಶಿರದ ಒಬ್ಬ ಹುಡುಗ, ಇಬ್ಬರೂ ವಿಜ್ಞಾನ ಮೇಳಕ್ಕೆ ಯಂತ್ರ ಮಾಡಿದ್ದಾರೆ ಎಂದುಕೊಳ್ಳಿ. (ಬರೀ ಉದಾಹರಣೆ ಇದು. ರಾಯದುರ್ಗದವರು ಮುನಿಸಿಕೊಳ್ಳಬಾರದು!) ರಾಯದುರ್ಗದವನು ಎರಡೇ ಪ್ಲೇಟು ಹಾಕಿ, ಒಂದೇ ಕೋಣೆ ಮಾಡಿ, ನೇರವಾಗಿ 12 ವೋಲ್ಟ್ ಬ್ಯಾಟರಿಗೆ ಸಿಕ್ಕಿಸಿದ್ದಾನೆ. 20 ಆಂಪಿಯರ್ ಎಳೆಯುತ್ತಿದೆ. ಮಡಕಶಿರದವನು ಏಳು ಪ್ಲೇಟುಗಳನ್ನು ಸಾಲಾಗಿ ನಿಲ್ಲಿಸಿ ಆರು ಕೋಣೆ ಮಾಡಿದ್ದಾನೆ. 13.2 ವೋಲ್ಟಿನಲ್ಲಿ 10 ಆಂಪಿಯರ್ ಹರಿಯುತ್ತಿದೆ.

ಅಳೆಯುವ ಕ್ರಮ ಇಬ್ಬರಿಗೂ ಒಂದೇ. ಬಕೆಟ್ಟಿನಲ್ಲಿ ನೀರು. ಕಾಲು ಲೀಟರಿನ ಪ್ಲಾಸ್ಟಿಕ್ ಬಾಟಲಿಗೆ ನೀರು ತುಂಬಿ, ಬಾಯಿ ಮುಚ್ಚಿ, ಬಕೆಟ್ಟಿನಲ್ಲಿ ತಲೆಕೆಳಗಾಗಿ ಹಿಡಿಯಬೇಕು. ಯಂತ್ರದ ಪೈಪನ್ನು ಅದರ ಬಾಯಿಗೆ ಕೊಟ್ಟರೆ ಗ್ಯಾಸು ಗುಳುಗುಳು ಎಂದು ಏರಿ ನೀರನ್ನು ಕೆಳಗೆ ತಳ್ಳುತ್ತದೆ. 250 ಮಿಲಿ ಗುರುತನ್ನು ಮೊದಲೇ ಅಳತೆಯ ಲೋಟದಿಂದ ನೀರು ಸುರಿದು ಹಾಕಿಕೊಂಡಿರಬೇಕು. ಗುರುತು ಮುಟ್ಟುವ ಹೊತ್ತಿಗೆ ಬಾಟಲಿಯೊಳಗಿನ ನೀರಿನ ಮಟ್ಟವೂ ಬಕೆಟ್ಟಿನ ನೀರಿನ ಮಟ್ಟವೂ ಸಮನಾಗಿರುವಂತೆ ಬಾಟಲಿಯನ್ನು ಹಿಡಿಯಬೇಕು. ಇಲ್ಲದಿದ್ದರೆ ಒಳಗಿನ ಒತ್ತಡವೇ ಬೇರೆಯಾಗುತ್ತದೆ. ಯಂತ್ರ ಶುರುಮಾಡಿದ ಕೂಡಲೇ ಅಳೆಯುವುದೂ ಬೇಡ. ಹತ್ತು ನಿಮಿಷ ಓಡಲಿ, ವೋಲ್ಟು ಆಂಪಿಯರು ಒಂದು ಕಡೆ ನಿಲ್ಲಲಿ. ಆಮೇಲೆ ಐದು ಸಲ ಅಳೆದು ಸರಾಸರಿ ತೆಗೆಯಲಿ.

ವೋಲ್ಟನ್ನು ಅಳೆಯಬೇಕಾದ್ದು ಯಂತ್ರದ ತುದಿಯಲ್ಲಿ, ಬ್ಯಾಟರಿಯ ಮೇಲಲ್ಲ. ವೈರು ಸಣ್ಣದಾಗಿದ್ದರೆ ಅದರಲ್ಲೇ ಅರ್ಧ ಮುಕ್ಕಾಲು ವೋಲ್ಟು ಕರಗಿರುತ್ತದೆ. ಮಲ್ಟಿಮೀಟರಿನ 10 ಆಂಪಿಯರ್ ಕಿಂಡಿಗೆ 20 ಆಂಪಿಯರ್ ಬಿಟ್ಟರೆ ಮೀಟರು ಸುಟ್ಟುಹೋಗುತ್ತದೆ, ಅಲ್ಲಿ ಡಿಸಿ ಕ್ಲ್ಯಾಂಪ್ ಮೀಟರೇ ಬೇಕು. ಕರೆಂಟನ್ನು ತುಂಡು ತುಂಡಾಗಿ ಬಿಡುವ ಸರ್ಕ್ಯೂಟು ಹಾಕಿದ್ದರೆ ಅಗ್ಗದ ಮೀಟರು ಸುಳ್ಳು ಹೇಳುತ್ತದೆ. ‘ನೂರಕ್ಕೆ ಇನ್ನೂರು ದಕ್ಷತೆ’ ಎಂಬ ಎಷ್ಟೋ ಹೆಗ್ಗಳಿಕೆಗಳ ಮೂಲ ಇಂಥ ಮೀಟರುಗಳಲ್ಲೇ ಇದೆ. ಅಂಥ ಕಡೆ ಸರ್ಕ್ಯೂಟಿಗಿಂತ ಹಿಂದೆ, ಬ್ಯಾಟರಿಯಿಂದ ಹೊರಡುವಲ್ಲಿ ಅಳೆಯಬೇಕು. ಮನೆ ಕರೆಂಟಿನಿಂದ ಚಾರ್ಜರ್ ಮೂಲಕ ನಡೆಸುವವರಿಗೆ ಇನ್ನೂ ಸುಲಭದ ದಾರಿ ಇದೆ. ಎಲೆಕ್ಟ್ರಾನಿಕ್ ಮೀಟರಿನ ಕೆಂಪು ದೀಪ ಮಿನುಗುವುದನ್ನು ಎಣಿಸಿದರಾಯಿತು. ಒಂದು ಯುನಿಟ್ಟಿಗೆ ಎಷ್ಟು ಮಿನುಗು ಎಂದು ಮೀಟರಿನ ಮೇಲೆಯೇ ಬರೆದಿರುತ್ತದೆ. 3200 ಎಂದಿದ್ದರೆ 32 ಮಿನುಗಿಗೆ ನೂರರಲ್ಲಿ ಒಂದು ಯುನಿಟ್. ಮನೆಯ ಉಳಿದ ದೀಪ, ಫ್ಯಾನು, ಟಿವಿ ಎಲ್ಲ ಆರಿಸಿರಬೇಕು. ಹೀಗೆ ಅಳೆದರೆ ಚಾರ್ಜರಿನ ಪೋಲೂ ಲೆಕ್ಕಕ್ಕೆ ಸೇರುತ್ತದೆ, ಬಿಲ್ ಕಟ್ಟುವವನಿಗೆ ಬೇಕಾದ ಲೆಕ್ಕ ಅದೇ ತಾನೇ.

ನೂರಕ್ಕೆ ನೂರೈವತ್ತು!

ರಾಯದುರ್ಗದ ಹುಡುಗನ ಬಾಟಲಿ 48 ಸೆಕೆಂಡಿನಲ್ಲಿ ತುಂಬಿತು. ಅಂದರೆ ನಿಮಿಷಕ್ಕೆ 312 ಮಿಲಿ. ಫ್ಯಾರಡೆ ಪ್ರಕಾರ 20 ಆಂಪಿಯರಿಗೆ ಬರಬೇಕಾದ್ದು 209 ಮಿಲಿ. ಅರೆ, ನೂರಕ್ಕೆ ನೂರೈವತ್ತು! ಹುಡುಗ ನೊಬೆಲ್ ಬಹುಮಾನದ ಕನಸು ಕಾಣುವ ಮೊದಲು ಬಕೆಟ್ಟಿಗೆ ಕೈ ಇಟ್ಟು ನೋಡಬೇಕು. ಯಂತ್ರ ಕುದಿಯುವಷ್ಟು ಕಾದಿದೆ, ಬಾಟಲಿಯ ನೀರೂ ಗ್ಯಾಸೂ 60 ಡಿಗ್ರಿ ಮುಟ್ಟಿವೆ. ಆ ಬಿಸಿಯಲ್ಲಿ ಬಾಟಲಿಯ ಐದನೇ ಒಂದು ಪಾಲಿಗೂ ಮಿಕ್ಕಿ ನೀರಿನ ಆವಿಯೇ ತುಂಬಿರುತ್ತದೆ. ಉಳಿದ ಗ್ಯಾಸೂ ಉಬ್ಬಿರುತ್ತದೆ.

ಇದಕ್ಕೆ ನಮ್ಮ ನೆಲದ ಕಾಣಿಕೆಯೂ ಒಂದಿದೆ. ಈ ಸೀಮೆ ಸಮುದ್ರಮಟ್ಟದಿಂದ ಐದುನೂರರಿಂದ ಏಳುನೂರು ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿಯ ಒತ್ತಡ ಚೆನ್ನೈಗಿಂತ ನೂರಕ್ಕೆ ಆರೇಳು ಪಾಲು ಕಡಿಮೆ. ಅದೇ ಯಂತ್ರವನ್ನು ಅಲ್ಲಿಂದ ಇಲ್ಲಿಗೆ ತಂದರೆ ಏನೂ ಮಾಡದೆಯೇ ಗ್ಯಾಸು ಅಷ್ಟು ‘ಹೆಚ್ಚು’ ಬಂದಂತೆ ಕಾಣುತ್ತದೆ. ಸಮುದ್ರಮಟ್ಟದ ಲೆಕ್ಕ ಹಿಡಿದು ಇಲ್ಲಿ ಅಳೆದವರು ಮೋಸಹೋಗುವುದು ಹೀಗೆ.

ಮೂರೂ ದೋಷವನ್ನು ಒಟ್ಟಿಗೆ ಕಳೆಯಲು ಒಂದೇ ಗುಣಾಕಾರ ಸಾಕು. ಸುಮಾರು 600 ಮೀಟರ್ ಎತ್ತರದ ಊರಿಗೆ ಹೀಗೆ ಹಿಡಿಯಬಹುದು: ಬಾಟಲಿಯ ಗ್ಯಾಸು 25 ಡಿಗ್ರಿ ಇದ್ದರೆ ಅಳೆದ ಮಿಲಿಯನ್ನು 0.82ರಿಂದ ಗುಣಿಸಿ. 30 ಡಿಗ್ರಿಗೆ 0.80, 35ಕ್ಕೆ 0.78, ನಮ್ಮ ಮೇ ತಿಂಗಳ 40ಕ್ಕೆ 0.75, 60 ಡಿಗ್ರಿಗೆ 0.60. ಬಂದ ಉತ್ತರವೇ ಫ್ಯಾರಡೆಯ 10.45ರ ಜೊತೆ ಹೋಲಿಸಬಹುದಾದ ಅಸಲಿ ಗ್ಯಾಸು. ಪೈಪನ್ನು ತಣ್ಣೀರಿನಲ್ಲಿ ಸುತ್ತಿ ಹಾಯಿಸಿ ಗ್ಯಾಸನ್ನು ಮೊದಲೇ ತಣಿಸಿದರೆ ತಂಟೆ ಕಡಿಮೆ.

ಈಗ ರಾಯದುರ್ಗದ ಲೆಕ್ಕ ನೋಡಿ. 312ನ್ನು 0.60ರಿಂದ ಗುಣಿಸಿದರೆ 187 ಮಿಲಿ. ಬರಬೇಕಾದ 209ರಲ್ಲಿ ಇದು ನೂರಕ್ಕೆ 89. ಕರೆಂಟಿನ ಲೆಕ್ಕದಲ್ಲಿ ಹುಡುಗ ಒಳ್ಳೆಯ ಕೆಲಸವನ್ನೇ ಮಾಡಿದ್ದಾನೆ. ಆದರೆ ವೋಲ್ಟು? 1.48 ಬೇಕಾದ ಕಡೆ 12 ಸುರಿದಿದ್ದಾನೆ. ಒಂದೂವರೆ ರೂಪಾಯಿಯ ಸಾಮಾನಿಗೆ ಹನ್ನೆರಡು ರೂಪಾಯಿ ಕೊಟ್ಟ ಹಾಗೆ. ವೋಲ್ಟಿನ ದಕ್ಷತೆ ನೂರಕ್ಕೆ 12 ಮಾತ್ರ. ಎರಡನ್ನೂ ಗುಣಿಸಿದರೆ ಒಟ್ಟು ದಕ್ಷತೆ ನೂರಕ್ಕೆ 11. ಅವನ 240 ವ್ಯಾಟಿನಲ್ಲಿ ಗ್ಯಾಸಾಗಿ ಉಳಿದದ್ದು ಸುಮಾರು 26 ವ್ಯಾಟ್, ಬಾಕಿಯೆಲ್ಲ ನೀರು ಕಾಯಿಸಿತು. ಅವನ ರೆಂಡಿಟ್ಟ? ಕಿಲೋಗೆ ಸುಮಾರು 357 ಯುನಿಟ್!

ಮಡಕಶಿರದವನ ಬಾಟಲಿ 24 ಸೆಕೆಂಡಿಗೆ ತುಂಬಿತು. ನಿಮಿಷಕ್ಕೆ 625 ಮಿಲಿ. ಹತ್ತು ಆಂಪಿಯರ್, ಆರು ಕೋಣೆ, ಫ್ಯಾರಡೆ ಮಿತಿ 627. ಇವನಿಗೂ ‘ನೂರಕ್ಕೆ ನೂರು’ ಎಂಬ ಭ್ರಮೆ ಬರಬಹುದು. ಗ್ಯಾಸು 30 ಡಿಗ್ರಿ ಇತ್ತು, 0.80ರಿಂದ ಗುಣಿಸಿದರೆ ಉಳಿಯುವುದು 500. ಕರೆಂಟಿನ ದಕ್ಷತೆ ನೂರಕ್ಕೆ 80. ಕೋಣೆಯೊಂದಕ್ಕೆ 2.2 ವೋಲ್ಟ್, ಅಂದರೆ ವೋಲ್ಟಿನ ದಕ್ಷತೆ ನೂರಕ್ಕೆ 67. ಒಟ್ಟು ನೂರಕ್ಕೆ 54. 132 ವ್ಯಾಟ್ ಕೊಟ್ಟರೆ 71 ವ್ಯಾಟಿನಷ್ಟು ಶಾಖ ಗ್ಯಾಸಿನಲ್ಲಿ ಸಿಕ್ಕಿತು. ಕಿಲೋಗೆ 73 ಯುನಿಟ್. ಮನೆಯಲ್ಲಿ ಮಾಡಿದ್ದಕ್ಕೆ ಇದು ಭೇಷ್ ಎನ್ನಬಹುದಾದ ಫಲಿತಾಂಶ.

ಇವನ ಕರೆಂಟಿನಲ್ಲಿ ಐದನೇ ಒಂದು ಪಾಲು ಎಲ್ಲಿ ಹೋಯಿತು ಎಂಬ ಪ್ರಶ್ನೆ ಉಳಿಯಿತು. ಪ್ಲೇಟುಗಳ ನಡುವೆ ನೀರು ಓಡಾಡಲು ತೂತು ಕೊರೆದಿರುತ್ತಾರೆ. ಕರೆಂಟು ಪ್ಲೇಟಿನ ಮೂಲಕ ಹೋಗುವ ಬದಲು ಆ ತೂತಿನ ನೀರಿನಲ್ಲೇ ಕಳ್ಳದಾರಿ ಹಿಡಿದು ಮುಂದಿನ ಕೋಣೆಗೆ ಹಾರುತ್ತದೆ. ಕಾಲುವೆಯ ಬದು ಒಡೆದು ನೀರು ಮಡಿಗೆ ಹೋಗದೆ ಪಕ್ಕದ ಬೀಳಿಗೆ ಹರಿದಂತೆ. ತೂತು ಚಿಕ್ಕದು ಮಾಡಿ, ಒಂದರ ಎದುರು ಒಂದು ಬರದಂತೆ ಕೊರೆದು, ನೀರಿನ ಮಟ್ಟ ಪ್ಲೇಟಿನ ಮೇಲಂಚು ದಾಟದಂತೆ ನೋಡಿಕೊಂಡರೆ ಈ ಸೋರಿಕೆ ಬಹಳ ಮಟ್ಟಿಗೆ ನಿಲ್ಲುತ್ತದೆ.

ಹವ್ಯಾಸಿಗಳು ಹೆಚ್ಚಾಗಿ ಬಳಸುವ ಅಳತೆ ಇನ್ನೊಂದಿದೆ, ಒಂದು ವ್ಯಾಟಿಗೆ ನಿಮಿಷಕ್ಕೆ ಎಷ್ಟು ಮಿಲಿ ಎಂದು. ಅಳೆದ ಲೆಕ್ಕದಲ್ಲಿ ಮಡಕಶಿರದ್ದು 4.7, ರಾಯದುರ್ಗದ್ದು 1.3. ಇದು ತಪ್ಪಲ್ಲ, ಆದರೆ ಉಷ್ಣತೆ ಮತ್ತು ಊರಿನ ಎತ್ತರ ಹೇಳದೆ ಈ ಸಂಖ್ಯೆಯೊಂದನ್ನೇ ಹೇಳಿದರೆ ಬೆಲೆಯಿಲ್ಲ. ಸೊನ್ನೆ ಡಿಗ್ರಿಯ ಒಣ ಗ್ಯಾಸಿಗೆ ಇಳಿಸಿ ಹೇಳಿದರೆ ಪೋಲೇ ಇಲ್ಲದ ಯಂತ್ರಕ್ಕೂ ಇದು ಏಳಕ್ಕಿಂತ ಹೆಚ್ಚೇನೂ ಬರುವುದಿಲ್ಲ. ಹತ್ತು, ಹನ್ನೆರಡು ಎಂದು ಯಾರಾದರೂ ಹೇಳಿದರೆ ಮೊದಲು ಕೇಳಬೇಕಾದ್ದು ‘ಬಾಟಲಿ ಎಷ್ಟು ಬಿಸಿ ಇತ್ತಪ್ಪಾ?’ ಎಂದು.

ಅಕ್ಕಸಾಲಿಗನ ತಕ್ಕಡಿ

ಬಾಟಲಿಯ ಮೇಲೆ ನಂಬಿಕೆ ಬಾರದವರಿಗೆ ತೂಕದ ದಾರಿ ಇದೆ. ಗ್ಯಾಸಾಗಿ ಹೋದಷ್ಟು ನೀರು ಯಂತ್ರದಲ್ಲಿ ಕಡಿಮೆಯಾಗಲೇಬೇಕು. ಒಂದು ಕೋಣೆಯಲ್ಲಿ ಒಂದು ಆಂಪಿಯರ್ ಒಂದು ಗಂಟೆ ಹರಿದರೆ 0.336 ಗ್ರಾಂ ನೀರು ಒಡೆಯುತ್ತದೆ. ಮಡಕಶಿರದ ಯಂತ್ರ ಒಂದು ಗಂಟೆ ಓಡಿದರೆ ಮಿತಿ 20 ಗ್ರಾಂ, ನೂರಕ್ಕೆ 80 ಆದರೆ 16 ಗ್ರಾಂ. ಯಂತ್ರದ ತೂಕ ತಡೆಯುವ, ಗ್ರಾಮಿನ ಹತ್ತನೇ ಪಾಲು ತೋರಿಸುವ ಎಲೆಕ್ಟ್ರಾನಿಕ್ ತಕ್ಕಡಿ ಸಿಕ್ಕರೆ ಸಾಕು. ಆವಿಯಾಗಿ ಹೋದ ನೀರು ಲೆಕ್ಕ ಕೆಡಿಸಬಾರದಲ್ಲ, ಅದಕ್ಕೆ ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುವಂಥ ಸಿಲಿಕಾ ಜೆಲ್ ತುಂಬಿದ ಕೊಳವೆಯ ಮೂಲಕ ಗ್ಯಾಸು ಬಿಟ್ಟು, ಕೊಳವೆಯನ್ನೂ ಯಂತ್ರದ ಜೊತೆಗೇ ತೂಗಬೇಕು. ಇದರಲ್ಲಿ ಬಿಸಿಲು, ಎತ್ತರ ಯಾವುದರ ಕಾಟವೂ ಇಲ್ಲ. ಬಾಟಲಿ ಲೆಕ್ಕವೂ ತೂಕದ ಲೆಕ್ಕವೂ ಹತ್ತಿರ ಬಂದರೆ ಅಳತೆ ಸರಿಯಿದೆ ಎಂದರ್ಥ.

ನೀರಿನ ವಿಷಯ ಬಂದಾಗ ಒಂದು ಮಾತು. ನಮ್ಮ ಬೋರ್‌ವೆಲ್ ನೀರು ಗಡಸು, ಹಲವೆಡೆ ಫ್ಲೋರೈಡೂ ಇದೆ. ಅದನ್ನು ಹಾಕಿದರೆ ಪ್ಲೇಟಿನ ಮೇಲೆ ಬಿಳಿ ಪದರ ಕಟ್ಟಿ ಇಂದಿನ ಅಳತೆಗೂ ಮುಂದಿನ ವಾರದ ಅಳತೆಗೂ ಹೊಂದುವುದಿಲ್ಲ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರೇ ಆಗಬೇಕು. ಅದಕ್ಕೆ ಬೆರೆಸಲು ಕಾಸ್ಟಿಕ್ ಸೋಡಾ ಇಲ್ಲವೇ ಕಾಸ್ಟಿಕ್ ಪೊಟ್ಯಾಶ್ ಸರಿ. ಅಡುಗೆ ಉಪ್ಪು ಹಾಕಿದರೆ ವಿಷವಾದ ಕ್ಲೋರಿನ್ ಬರುತ್ತದೆ. ಅಡುಗೆ ಸೋಡಾ ಹಾಕಿದರೆ ಇಂಗಾಲದ ಡೈಆಕ್ಸೈಡ್ ಸೇರಿಕೊಂಡು ಅಳತೆ ಕೆಡುತ್ತದೆ.

ಬೈಕಿಗೆ ಕಟ್ಟಿದರೆ?

ಎಲ್ಲರಿಗೂ ಬೇಕಾದ ಪ್ರಶ್ನೆ ಇದೇ. ಮಡಕಶಿರದ ಹುಡುಗನ ಒಳ್ಳೆಯ ಯಂತ್ರವನ್ನೇ ತೆಗೆದುಕೊಳ್ಳಿ. ಅದಕ್ಕೆ 132 ವ್ಯಾಟ್ ಬೇಕು. ಗಾಡಿಯಲ್ಲಿ ಆ ಕರೆಂಟು ಆಕಾಶದಿಂದ ಬರುವುದಿಲ್ಲ, ಇಂಜಿನ್ನು ತಿರುಗಿಸುವ ಆಲ್ಟರ್ನೇಟರಿನಿಂದ ಬರಬೇಕು. ಅದರ ದಕ್ಷತೆ ನೂರಕ್ಕೆ 55 ಎಂದು ಹಿಡಿದರೆ ಇಂಜಿನ್ನು 240 ವ್ಯಾಟ್ ಕೆಲಸ ಹೆಚ್ಚು ಮಾಡಬೇಕು. ಪೆಟ್ರೋಲ್ ಇಂಜಿನ್ನು ತಿಂದ ಪೆಟ್ರೋಲಿನ ಕಾಲು ಪಾಲನ್ನಷ್ಟೇ ಕೆಲಸಕ್ಕೆ ತಿರುಗಿಸುತ್ತದೆ. ಹಾಗಾದರೆ 960 ವ್ಯಾಟಿನಷ್ಟು ಪೆಟ್ರೋಲ್ ಹೆಚ್ಚು ಸುಡಬೇಕು, ಗಂಟೆಗೆ ಸುಮಾರು 100 ಮಿಲಿ. ತಿರುಗಿ ಸಿಗುವುದು 71 ವ್ಯಾಟಿನ ಗ್ಯಾಸು. 960 ಕೊಟ್ಟು 71 ತರುವ ವ್ಯಾಪಾರ! ಬೈಕಿನ ಮ್ಯಾಗ್ನೆಟ್ಟಿಗಂತೂ ಹೆಡ್‌ಲೈಟಿನ ಜೊತೆ ಇಷ್ಟು ಕರೆಂಟು ಕೊಡುವ ತಾಕತ್ತೇ ಇರುವುದಿಲ್ಲ. ಬ್ಯಾಟರಿ ಬರಿದಾಗುತ್ತದೆ ಅಷ್ಟೇ.

‘ಅಷ್ಟು ಗ್ಯಾಸು ಪೆಟ್ರೋಲಿಗೆ ಬದಲಲ್ಲ, ಪೆಟ್ರೋಲ್ ಚೆನ್ನಾಗಿ ಉರಿಯಲು ಸಹಾಯ ಮಾತ್ರ’ ಎನ್ನುವವರಿದ್ದಾರೆ. ಆದರೆ ಈಗಿನ ಸುಸ್ಥಿತಿಯ ಇಂಜಿನ್ನಿನಲ್ಲಿ ಪೆಟ್ರೋಲ್ ಬಹುಪಾಲು ಪೂರ್ತಿ ಉರಿದೇ ಇರುತ್ತದೆ. ಪೋಲಾಗುವುದು ಉರಿಯದೆ ಅಲ್ಲ, ಸೈಲೆನ್ಸರಿನ ಬಿಸಿಯಾಗಿ, ಇಂಜಿನ್ನಿನ ಮೈ ಬಿಸಿಯಾಗಿ. ಅದನ್ನು ಒಂದು ಹಿಡಿ ಗ್ಯಾಸು ತಡೆಯಲಾರದು.

ಅಮೆರಿಕದಲ್ಲಿ ಇಂಥ ಕಿಟ್ ಮಾರುತ್ತಿದ್ದ ಕಂಪನಿಯೊಂದರ ಮೇಲೆ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2009ರಲ್ಲಿ ಕೋರ್ಟಿಗೆ ಹೋಯಿತು. ನೀರಿನಿಂದಲೇ ಕಾರು ಓಡಿಸುತ್ತೇನೆಂದ ಸ್ಟ್ಯಾನ್ಲಿ ಮೇಯರ್ ಎಂಬಾತ ಮೋಸ ಮಾಡಿದ್ದಾನೆ ಎಂದು ಒಹಾಯೊ ರಾಜ್ಯದ ಕೋರ್ಟು 1996ರಲ್ಲೇ ತೀರ್ಪಿತ್ತಿತ್ತು. ಅದೇ ವರ್ಷ ನಮ್ಮ ತಮಿಳುನಾಡಿನಲ್ಲಿ ರಾಮರ್ ಪಿಳ್ಳೆಯ ‘ಗಿಡಮೂಲಿಕೆ ಪೆಟ್ರೋಲು’ ದೇಶವನ್ನೆಲ್ಲ ಮರುಳು ಮಾಡಿತ್ತು. ಇಪ್ಪತ್ತು ವರ್ಷದ ನಂತರ, 2016ರಲ್ಲಿ, ಚೆನ್ನೈ ಕೋರ್ಟು ಅವನಿಗೆ ಶಿಕ್ಷೆ ವಿಧಿಸಿತು.

ಹಾಗಾದರೆ ಕಿಟ್ ಹಾಕಿಸಿದವರೆಲ್ಲ ಸುಳ್ಳು ಹೇಳುತ್ತಾರೆಯೇ? ಇಲ್ಲ. ಕಿಟ್ ಕೂರಿಸುವಾಗ ಮೆಕ್ಯಾನಿಕ್ಕು ಪ್ಲಗ್ಗು, ಏರ್ ಫಿಲ್ಟರು ಶುಚಿ ಮಾಡಿರುತ್ತಾನೆ. ದುಡ್ಡು ಕೊಟ್ಟವನು ಹಗುರವಾಗಿ ಆಕ್ಸಿಲರೇಟರ್ ತಿರುಗಿಸುತ್ತಾನೆ. ಮೈಲೇಜು ನಿಜವಾಗಿಯೂ ಒಂದಿಷ್ಟು ಏರುತ್ತದೆ, ಹೆಸರು ಮಾತ್ರ ನೀರಿಗೆ ಬರುತ್ತದೆ. ಸತ್ಯ ಗೊತ್ತಾಗಬೇಕಾದರೆ ಸ್ವಿಚ್ಚನ್ನು ಬೇರೆಯವರ ಕೈಗೆ ಕೊಡಬೇಕು. ಗ್ಯಾಸು ಹೋಗುತ್ತಿದೆಯೋ ಇಲ್ಲವೋ ಎಂಬುದು ಗಾಡಿ ಓಡಿಸುವವನಿಗೆ ಗೊತ್ತಿರಬಾರದು. ಮಡಕಶಿರದಿಂದ ಹಿಂದೂಪುರವೋ, ರಾಯದುರ್ಗದಿಂದ ಕಲ್ಯಾಣದುರ್ಗವೋ, ಅದೇ ದಾರಿ, ಅದೇ ಹೊತ್ತು, ಅದೇ ಬಂಕಿನಲ್ಲಿ ಟ್ಯಾಂಕು ತುಂಬಿಸಿ, ಸ್ವಿಚ್ಚು ಹಾಕಿ ಐದು ಸಲ, ಹಾಕದೆ ಐದು ಸಲ. ಕಿಟ್ ಮಾರುವವರ ಮುಂದೆ ಈ ಪರೀಕ್ಷೆಯ ಮಾತೆತ್ತಿದರೆ ಅವರ ಮುಖ ನೋಡಿಯೇ ಅರ್ಧ ಉತ್ತರ ತಿಳಿದುಬಿಡುತ್ತದೆ.

ಅಡುಗೆಗೆ? ಅಲ್ಲೂ ಗಿಟ್ಟುವುದಿಲ್ಲ. 71 ವ್ಯಾಟಿನ ಉರಿಯಲ್ಲಿ ಒಂದು ಲೋಟ ಚಹಾ ಕಾಯುವಷ್ಟರಲ್ಲಿ ತಾಳ್ಮೆ ಕೆಟ್ಟಿರುತ್ತದೆ. ಅದೇ 132 ವ್ಯಾಟನ್ನು ಕಾಯಿಲ್ ಒಲೆಗೆ ಕೊಟ್ಟರೆ ಬಹುತೇಕ ಪೂರ್ತಿ ಶಾಖವೇ ಸಿಗುತ್ತದೆ. ಸೋಲಾರ್ ಕರೆಂಟನ್ನು ರಾತ್ರಿಗೆ ಉಳಿಸಿಡಲು ಬ್ಯಾಟರಿಯೇ ಮೇಲು. ನಿಜವಾಗಿ ಉಪಯೋಗಕ್ಕೆ ಬಂದಿರುವುದು ಅಕ್ಕಸಾಲಿಗರ ಬೆಸುಗೆಯಲ್ಲಿ. ನೀರಿನ ಗ್ಯಾಸಿನ ಸಣ್ಣ, ಶುಭ್ರ, ತೀಕ್ಷ್ಣ ಉರಿ ಒಡವೆ ಕೆಲಸಕ್ಕೆ ಒಪ್ಪುತ್ತದೆ. ಅದಕ್ಕೆಂದೇ ಕಂಪನಿ ಯಂತ್ರಗಳಿವೆ, ಅವುಗಳಲ್ಲಿ ಉರಿ ಹಿಂದಕ್ಕೆ ಓಡದಂತೆ ತಡೆಯುವ ವ್ಯವಸ್ಥೆಯೂ ಇರುತ್ತದೆ.

ದೊಡ್ಡ ಮಟ್ಟದಲ್ಲಿ ಕಥೆ ಬೇರೆ. ಭಾಕ್ರಾ ಅಣೆಕಟ್ಟಿನ ಕರೆಂಟಿನಿಂದ ನೀರು ಒಡೆದು, ಆ ಹೈಡ್ರೋಜನ್ನಿನಿಂದ ಪಂಜಾಬಿನ ನಂಗಲ್‌ನಲ್ಲಿ 1960ರ ದಶಕದಲ್ಲೇ ಗೊಬ್ಬರ ಮಾಡುತ್ತಿದ್ದರು. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ 19,744 ಕೋಟಿ ರೂಪಾಯಿಯ ಹಸಿರು ಹೈಡ್ರೋಜನ್ ಮಿಷನ್ನಿಗೆ ಒಪ್ಪಿಗೆ ಕೊಟ್ಟಿತು. ಆಂಧ್ರದ ಪೂಡಿಮಡಕದಲ್ಲಿ ಹೈಡ್ರೋಜನ್ ಕೇಂದ್ರಕ್ಕೆ 2025ರ ಜನವರಿಯಲ್ಲಿ ಅಡಿಗಲ್ಲು ಬಿತ್ತು. ಇತ್ತ ಕರ್ನಾಟಕದ ಚಿಕ್ಕಬಳ್ಳಾಪುರದಲ್ಲಿ ಓಮಿಯಂ ಎಂಬ ಕಂಪನಿ 2021ರಲ್ಲಿ ಎಲೆಕ್ಟ್ರೊಲೈಸರ್‌ಗಳನ್ನೇ ತಯಾರಿಸಲು ಶುರುಮಾಡಿತು. ಮಡಕಶಿರದ ಮಗ್ಗುಲಲ್ಲೇ ಇರುವ ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ನೋಡಿದವರಿಗೆ ಕರೆಂಟು ಎಲ್ಲಿಂದ ಬರುತ್ತದೆ ಎಂದು ಹೇಳಬೇಕಾಗಿಲ್ಲ. ಇವರೆಲ್ಲ ತಲೆ ಕೆಡಿಸಿಕೊಂಡಿರುವುದೂ ಅದೇ ರೆಂಡಿಟ್ಟಕ್ಕೆ, 55 ಯುನಿಟ್ಟನ್ನು 50ಕ್ಕೆ, 50ನ್ನು 45ಕ್ಕೆ ಇಳಿಸುವುದು ಹೇಗೆ ಎಂದು. ಈ ಇಬ್ಬರು ಹುಡುಗರ ಬಕೆಟ್ಟಿನ ಲೆಕ್ಕವೂ ಅದೇ ದಾರಿಯದು.

ಹುಷಾರ್!

ಈ ಗ್ಯಾಸಿನಲ್ಲಿ ಉರಿಯುವುದೂ ಉರಿಸುವುದೂ ಮೊದಲೇ ಬೆರೆತಿರುತ್ತವೆ. ಅಡುಗೆ ಗ್ಯಾಸಿನಂತೆ ಗಾಳಿಗಾಗಿ ಕಾಯುವುದಿಲ್ಲ. ಬರೀ ಹೈಡ್ರೋಜನ್ನೇ ಆದರೂ ಗಾಳಿಯಲ್ಲಿ ನೂರಕ್ಕೆ 4ರಿಂದ 75 ಪಾಲಿನವರೆಗೆ ಎಷ್ಟಿದ್ದರೂ ಹತ್ತಿಕೊಳ್ಳುತ್ತದೆ. ಬಟ್ಟೆ ಉಜ್ಜಿದಾಗ ಬರುವಂಥ ಕಿಡಿಯೇ ಸಾಕು. ಟ್ರ್ಯಾಕ್ಟರ್ ಬ್ಯಾಟರಿ ಚಾರ್ಜಿಗೆ ಹಾಕಿದಾಗ ಹತ್ತಿರ ಬೀಡಿ ಸೇದಬೇಡ ಎಂದು ಹಿರಿಯರು ಗದರುವುದು ಇದೇ ಗ್ಯಾಸಿನ ಭಯಕ್ಕೆ. ಒಂದು ಲೀಟರ್ ಬಾಟಲಿ ಸಿಡಿದರೆ ಕಿವಿ ಕಣ್ಣು ಹೋಗುವುದು ಖಂಡಿತ. ಅದಕ್ಕೇ ಅಳತೆಗೆ ಕಾಲು ಲೀಟರ್, ಅದೂ ಪ್ಲಾಸ್ಟಿಕ್, ಗಾಜು ಕೂಡದು. ಅಳೆದ ಕೂಡಲೇ ಬಯಲಿನಲ್ಲಿ ಬಿಟ್ಟುಬಿಡಬೇಕು. ಯಂತ್ರಕ್ಕೂ ಪೈಪಿನ ತುದಿಗೂ ನಡುವೆ ನೀರಿನ ಬಾಟಲಿಯೊಂದು ತಡೆಯಾಗಿ ಇರಲೇಬೇಕು. ಬಲೂನು, ಟ್ಯೂಬು, ಡಬ್ಬಿಯಲ್ಲಿ ತುಂಬಿಡುವುದು ಬೇಡವೇ ಬೇಡ. ಮಕ್ಕಳು ಮೇಷ್ಟ್ರಿಲ್ಲದೆ ಇದಕ್ಕೆ ಕೈ ಹಾಕಕೂಡದು.

ಕಾಸ್ಟಿಕ್ ಸೋಡಾವನ್ನು ನೀರಿಗೆ ಸ್ವಲ್ಪ ಸ್ವಲ್ಪವೇ ಹಾಕಬೇಕು, ಸೋಡಾದ ಮೇಲೆ ನೀರು ಸುರಿದರೆ ಕುದಿದು ಮುಖಕ್ಕೆ ಎರಚುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗ್ಲೌಸು ಇರಲಿ. ಬಳಸಿದ ನೀರು ಹಳದಿಗೋ ಕಂದಿಗೋ ತಿರುಗಿದ್ದರೆ ಸ್ಟೀಲಿನ ಕ್ರೋಮಿಯಂ ಕರಗಿದೆ ಎಂದರ್ಥ. ಅದು ಕ್ಯಾನ್ಸರ್ ತರುವ ವಸ್ತು. ಬಾವಿ, ಬೋರ್‌ವೆಲ್, ಹಿತ್ತಿಲ ಗಿಡದ ಬುಡ ಎಲ್ಲಿಗೂ ಚೆಲ್ಲಬಾರದು, ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಕ್ಯಾನಿನಲ್ಲಿ ತೆಗೆದಿಟ್ಟು ಶಾಲೆಯ ವಿಜ್ಞಾನ ಮೇಷ್ಟ್ರ ವಶಕ್ಕೆ ಕೊಡಬೇಕು. ಕುಡಿಯುವ ನೀರಿನ ಬಾಟಲಿಯಲ್ಲಂತೂ ಎಂದೂ ಇಡಬಾರದು. ಹೊಲದಿಂದ ಬಾಯಾರಿ ಬಂದವರು ನೋಡದೆ ಎತ್ತಿ ಕುಡಿದುಬಿಡುತ್ತಾರೆ. ಕ್ಯಾನಿನ ಮೇಲೆ ದೊಡ್ಡದಾಗಿ ‘ವಿಷ’ ಎಂದು ಬರೆದು, ಪಕ್ಕದಲ್ಲೇ ತೆಲುಗು ಅಕ್ಷರದಲ್ಲಿ ‘ವಿಷಂ’ ಎಂದೂ ಬರೆದಿಡಿ. ಓದು ಬಾರದ ಅಜ್ಜಿಯರಿಗಾಗಿ ಒಂದು ತಲೆಬುರುಡೆಯ ಚಿತ್ರವೂ ಇರಲಿ.